ನಡು ಖಾಲಿ ಬಿಟ್ಟ ಹಸೆ ಗೋಡೆ

ಹೆದರಿಕೆ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಸಾಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಗಿರಿಜಾ ಮೀಸೆಯ ಗಂಡಸರು ಕೂಡ ತೋಳು ಚಾಚಿ, ಮುಖ ಆಚೆ ತಿರುಗಿಸಿ, ಸೂಜಿ ತಾಗುವ ಮೊದಲೇ "ಅಯ್ಯಮ್ಮಾ" ಎನ್ನುವುದನ್ನು ದಿನಬೆಳಗಾದರೆ ನೋಡುತ್ತೇನೆ. ನೋಡಿ ಒಳಗೊಳಗೇ ನಗುತ್ತೇನೆ, ಅದೊಂದು ಕೆಟ್ಟ ಚಾಳಿ. ಆದರೆ ನಮ್ಮಜ್ಜಿ ಗುತ್ಯಮ್ಮ ಹೆದರಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಕೊಟ್ಟಿಗೆಗೆ ಬಂದ ನಾಗರಹಾವಿಗೆ "ಆ ಕಡೆ ಹೋಗಾ" ಎಂದು ಪೊರಕೆಯಲ್ಲಿ ದಾರಿ ತೋರಿಸಿದ ಹೆಂಗಸು ಅವಳು. ಅಂಥವಳು ಒಂದು ಕಾಗದ ನೋಡಿ ನಡುಗಿಬಿಟ್ಟಳು.

ಕಾಗದ ತಂದವರು ಮೇಘನಾ. ತೀರ್ಥಹಳ್ಳಿ ಕಡೆಯವರು, ಮೇಗರವಳ್ಳಿಯ ಗೌಡರ ಮನೆ ಮಗಳು. ಕಾಲೇಜಿನಲ್ಲಿ ಚಿತ್ರಕಲೆಯ ಇತಿಹಾಸ ಕಲಿಸುತ್ತಾರೆ. ನನ್ನ ಮದುವೆಗೆ ಇನ್ನೂ ಒಂದು ತಿಂಗಳಿರುವಾಗ, ಒಂದು ಭಾನುವಾರ ಮಧ್ಯಾಹ್ನ, ಊರಲ್ಲಿ ಕೇಳಿಕೊಂಡು ಕೇಳಿಕೊಂಡು ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕೂತು, ಚೀಲದಿಂದ ಒಂದು ದೊಡ್ಡ ಪ್ರಿಂಟ್ ತೆಗೆದು ಅಜ್ಜಿಯ ಮುಂದೆ ಬಿಡಿಸಿದರು.

ಕೆಂಪು ನೆಲ, ಅದರ ಮೇಲೆ ಬಿಳಿ ಗೆರೆ. ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದರ ಪಕ್ಕ ಒಂದು, ಒಂದರೊಳಗೆ ಒಂದು ಚೌಕ ಕಟ್ಟುತ್ತಾ ಹೋಗಿದ್ದವು. ನಡುವಿನ ಚೌಕ ಮಾತ್ರ ಖಾಲಿ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ನಮ್ಮ ಹಸೆ ಚಿತ್ತಾರ. ನಮ್ಮ ದೀವರ ಮನೆಗಳಲ್ಲಿ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಬರೆಯುತ್ತಾರೆ. ನಡುವೆ ಮದುಮಗ, ಮದುಮಗಳು. ಈಚೆಗೆ ಅದೂ ಫ್ಲೆಕ್ಸ್ ಆಗಿದೆ. ನನ್ನ ಮದುವೆಗೂ ಅಮ್ಮ ಫ್ಲೆಕ್ಸೇ ಹೇಳಿಟ್ಟಿದ್ದಳು.

"ಅಜ್ಜಿ, ತುಂಬಾ ಹಿಂದೆ ನಾರಾಯಣಮೂರ್ತಿ ಅಂತ ಒಬ್ಬ ಚಿತ್ರಗಾರರು ಈ ಕಡೆ ಬಂದು ಸ್ವಲ್ಪ ದಿನ ಇದ್ರಂತೆ. ನೆನಪಿದ್ಯಾ?" ಎಂದು ಮೇಘನಾ ಕೇಳಿದರು.

ಅಜ್ಜಿ ಕಾಗದದಿಂದ ಕಣ್ಣು ಕಿತ್ತುಕೊಂಡಳು. ಅವಳ ಎಡಗೈ ಮೆಲ್ಲಗೆ ಸೆರಗಿನೊಳಗೆ ಹೋಯಿತು.

ಮೇಘನಾ ನನ್ನ ಕಡೆ ತಿರುಗಿ ವಿಷಯ ಹೇಳಿದರು. ಆ ಕಾಲದಲ್ಲಿ ಪೇಟೆಯ ಕೆಲವು ಹುಡುಗರು ಎಳೆ ಬಳಗ ಎಂದು ಕಟ್ಟಿಕೊಂಡಿದ್ದರಂತೆ. ರಾಜರ ಭಾವಚಿತ್ರ, ದೇವರ ಪಟ ಎಲ್ಲ ಸಾಕು, ಬರೀ ಗೆರೆಯಿಂದ ಹೊಸ ಕಾಲದ ಚಿತ್ರ ಬರೆಯಬೇಕು ಎಂದು ಹಟ ಹಿಡಿದವರು. ನಾರಾಯಣಮೂರ್ತಿ ಅವರ ಮುಂದಾಳು. ಬಳಗದ ಮೊದಲ ಪ್ರದರ್ಶನದಲ್ಲಿ ಅವರ ಸಹಿ ಇದ್ದ ಇಂಥ ಹಾಳೆಗಳನ್ನು ನೋಡಿ ಜನ ದಂಗಾದರಂತೆ. ಮುಖ್ಯವಾಗಿ ಆ ಖಾಲಿ ನಡುವನ್ನು ನೋಡಿ. ಆಮೇಲೆ ಬಳಗದವರೆಲ್ಲ ನಡು ಖಾಲಿ ಬಿಟ್ಟೇ ಬರೆದರು. ಆ ಖಾಲಿ ಜಾಗದ ಬಗ್ಗೆ ಪಂಡಿತರು ಬರೆದ ಪುಸ್ತಕಗಳನ್ನು ಪೇರಿಸಿದರೆ ಒಂದು ಮಂಚಕ್ಕೆ ಕಾಲು ಕೊಡಬಹುದು. ಇದು ನನ್ನ ಮಾತು, ಮೇಘನಾರದ್ದಲ್ಲ. ಅವರು ಹೇಳಿದ್ದು, "ನಮ್ಮ ಕಡೆಯ ಹೊಸ ಚಿತ್ರಕಲೆಯಲ್ಲಿ ಅದರಷ್ಟು ಧೈರ್ಯದ ಹೆಜ್ಜೆ ಇನ್ನೊಂದಿಲ್ಲ ಅಂತಾರೆ."

"ಸರಿ ಮೇಡಂ, ಅದಕ್ಕೂ ನಮ್ಮಜ್ಜಿಗೂ ಎಂತ ಸಂಬಂಧ?"

"ಈ ಗೆರೆ ನೋಡಿ. ಬಣ್ಣ ತುಂಬಿಕೊಂಡು ಶುರುವಾಗೋದು ಬಲಗಡೆ, ತೆಳುವಾಗಿ ಮುಗಿಯೋದು ಎಡಗಡೆ. ಇದು ಎಡಗೈಯವರ ಗೆರೆ. ಮೂಲ ಹಾಳೆಯಲ್ಲಿ ಬಣ್ಣದೊಳಗೆ ಪುಂಡಿ ನಾರು ಸಿಕ್ಕಿಕೊಂಡಿದೆ. ನಾರಾಯಣಮೂರ್ತಿ ಬಲಗೈಯವರು, ಬರೀತಿದ್ದದ್ದು ಪೇಟೆ ಬ್ರಶ್ಶಲ್ಲಿ. ಅವರು ತೀರಿಕೊಂಡು ಎಷ್ಟೋ ವರ್ಷ ಆಯ್ತು, ಕೇಳೋ ಹಾಗಿಲ್ಲ. ಅದಕ್ಕೇ ಎಡಗೈಯಲ್ಲಿ ಚಿತ್ತಾರ ಬರೀತಿದ್ದ ಹೆಂಗಸು ಯಾರು ಅಂತ ಊರೂರಲ್ಲಿ ಕೇಳ್ತಾ ಬಂದೆ. ಎಲ್ಲ ಕಡೆ ಒಂದೇ ಹೆಸರು ಹೇಳಿದ್ರು."

ಎಡಚಿ ಗುತ್ಯಮ್ಮ. ನಮ್ಮಜ್ಜಿಯನ್ನು ಊರು ಕರೆಯುವುದೇ ಹಾಗೆ.

"ನಾನಲ್ಲ ತಂಗಿ," ಎಂದಳು ಅಜ್ಜಿ. ಅವಳ ಗಲ್ಲ ಅದುರುತ್ತಿತ್ತು. "ನಂಗೆ ಬರಿಯಕ್ಕೇ ಬರಲ್ಲ. ಯಾರೋ ಸುಳ್ಳು ಹೇಳಿದಾರೆ. ಚೈತೂ, ಅವ್ರಿಗೆ ಕಾಫಿ ಕೊಟ್ಟು ಕಳ್ಸು."

ಮೇಘನಾ ಒತ್ತಾಯ ಮಾಡಲಿಲ್ಲ. ಎಳೆ ಬಳಗದ ದೊಡ್ಡ ಪ್ರದರ್ಶನವೊಂದು ಬರಲಿದೆ, ಚಿತ್ರದ ಕೆಳಗೆ ಸರಿಯಾದ ಹೆಸರು ಬರಲಿ ಎಂಬುದು ತಮ್ಮ ಆಸೆ, ಅಷ್ಟೇ ಎಂದರು. ಅಮ್ಮ ವಾಡಿಕೆಯಂತೆ ಅವರ ಕೈಗೊಂದು ಮದುವೆ ಕಾಗದ ಕೊಟ್ಟಳು. ಪ್ರಿಂಟನ್ನು ಅವರು ಜಗಲಿಯಲ್ಲೇ ಬಿಟ್ಟು ಹೋದರು.

ಸಂಜೆ ನೋಡುತ್ತೇನೆ, ಅಜ್ಜಿ ಅದನ್ನು ಸುರುಳಿ ಸುತ್ತಿ ಬಚ್ಚಲೊಲೆಗೆ ತುರುಕುತ್ತಿದ್ದಾಳೆ. ಓಡಿಹೋಗಿ ಕಿತ್ತುಕೊಂಡೆ. ಒಂದು ಮೂಲೆ ಸುಟ್ಟಿತ್ತು.

"ಕೊಡು ಹೆಣ್ಣೇ ಇಲ್ಲಿ. ಮದ್ವೆ ಮನೇಲಿ ಅದು ಇರಬಾರ್ದು."

"ಇದು ನೀನೇ ಬರ್ದಿದ್ದು. ಹೌದೋ ಅಲ್ವೋ?"

ಅಜ್ಜಿ ಒಲೆಯ ಮುಂದೆ ಕುಸಿದು ಕೂತಳು. ಅವಳು ಅಂದು ಹೇಳಿದ್ದನ್ನು ಅಪ್ಪನಿಗೂ ಯಾವತ್ತೂ ಹೇಳಿರಲಿಲ್ಲ.

ನಮ್ಮಜ್ಜ ಸತ್ತದ್ದು ಮಂಗನ ಕಾಯಿಲೆಯಲ್ಲಿ. ಸೊಪ್ಪು ತರಲು ಕಾಡಿಗೆ ಹೋದಾಗ ಉಣುಗು ಕಚ್ಚಿತು, ಜ್ವರ ಬಂತು, ಹೋದ. ಅಪ್ಪ ಆಗ ತೊಟ್ಟಿಲ ಕೂಸು, ಅಜ್ಜಿಗೆ ಇಪ್ಪತ್ತೂ ತುಂಬಿರಲಿಲ್ಲ. ಅಲ್ಲಿಯವರೆಗೆ ಸುತ್ತಮುತ್ತ ಯಾರ ಮನೆ ಹಸೆ ಗೋಡೆಗೂ ಎಡಚಿ ಗುತ್ಯಮ್ಮನೇ ಬರಬೇಕಿತ್ತು. ಅಜ್ಜ ಹೋದದ್ದೇ ತಡ, ಕರೆಯುವವರು ನಿಂತರು. ಗಂಡ ಹೋದವಳ ಕೈ ಹಸೆ ಗೋಡೆಗೆ ತಾಗಬಾರದು. ಯಾರೂ ಜಗಳ ಮಾಡಿ ಹೇಳಲಿಲ್ಲ, ಸುಮ್ಮನೆ ಕರೆಯಲಿಲ್ಲ, ಅಷ್ಟೆ.

ಆಗ ಬಂದವನು ನಾರಾಯಣಮೂರ್ತಿ. ಪಕ್ಕದೂರಿನ ಶಾಲೆಯಲ್ಲಿ ಉಳಿದುಕೊಂಡು ಮನೆ ಮನೆಯ ಗೋಡೆ ನೋಡುತ್ತಿದ್ದನಂತೆ. ಒಳ್ಳೇ ಕೈ ಒಂದು ಸುಮ್ಮನೆ ಕೂತಿದೆ ಎಂದು ಯಾರೋ ಹೇಳಿದರು. ಅವನು ದಪ್ಪ ಕಾಗದದ ಕಟ್ಟು ತಂದುಕೊಟ್ಟು, ಗೋಡೆ ಮುಟ್ಟಬಾರದು ಎಂದರೆ ಇದರ ಮೇಲೆ ಬರೆಯಿರಿ, ಕಾಗದದ ಮುಂದೆ ಯಾರೂ ಹಸೆಗೆ ಕೂರುವುದಿಲ್ಲವಲ್ಲ ಎಂದ. ಅಜ್ಜಿ ಹಿತ್ತಲಲ್ಲಿ ಕೂತು ಬರೆದಳು. ಹಸಿದವಳು ಉಂಡ ಹಾಗೆ ಬರೆದೆ ಎಂದಳು. ಆದರೆ ಪ್ರತಿ ಹಾಳೆಯಲ್ಲೂ ನಡುವಿನ ಚೌಕಕ್ಕೆ ಬಂದಾಗ ಕೈ ನಿಂತುಬಿಡುತ್ತಿತ್ತು.

"ಕೈ ಮುಂದೆ ಹೋಗ್ಲಿಲ್ಲ ಮಗಾ. ಕಾಗದಾನೇ ಆಗ್ಲಿ, ಮದುಮಕ್ಕಳು ಮದುಮಕ್ಕಳೇ ಅಲ್ದಾ? ಎಲ್ಲೋ ಯಾರೋ ಇಬ್ರಿಗೆ ತಾಗಿಬಿಟ್ರೆ ಅಂತ ಹೆದ್ರಿಕೆ. ಖಾಲಿ ಬಿಟ್ಟೆ. ಅವ್ನು ಬಯ್ತಾನೆ ಅಂದ್ಕಂಡೆ. ಅವ್ನು ನೋಡಿ ಕುಣಿದಾಡ್ಬಿಟ್ಟ. ಇಷ್ಟೇ ಸಾಕು, ಇನ್ನು ಮುಟ್ಬೇಡಿ ಅಂದ. ಎಲ್ಲ ತಗಂಡು ಹೋದ."

ನಾನು ನಕ್ಕುಬಿಟ್ಟೆ. ನಗದೆ ಇನ್ನೇನು? ದೊಡ್ಡ ದೊಡ್ಡ ಕನ್ನಡಕದವರೆಲ್ಲ ಧೈರ್ಯ, ಧೈರ್ಯ ಎಂದು ಪುಟ ತುಂಬಿಸಿದ್ದು ನಮ್ಮಜ್ಜಿಯ ಪುಕ್ಕಲುತನವನ್ನು. ಒಂದು ಬಳಗಕ್ಕೆ ಬಳಗವೇ ಹಿತ್ತಲಲ್ಲಿ ಕೂತ ಒಬ್ಬ ಹೆಂಗಸಿನ ಹೆದರಿಕೆಯನ್ನು ನಕಲು ಮಾಡಿ ಹೆಸರು ಮಾಡಿತ್ತು.

ಅಜ್ಜಿ ನಗಲಿಲ್ಲ. "ಪೂರ್ತಿ ಕೇಳು," ಎಂದಳು.

ಆಮೇಲೆ ಅವಳ ತಂಗಿ ಕೆರಿಯಮ್ಮನ ಮದುವೆ ಬಂತು. ಗೋಡೆ ಬರೆಯಲು ಬೇರೆ ಒಬ್ಬಳನ್ನು ಕರೆಸಿದ್ದರು. ಮದುಮಕ್ಕಳನ್ನಷ್ಟೇ ಬಾಕಿ ಇಟ್ಟು ಆ ಹೆಂಗಸು ಊಟಕ್ಕೆ ಎದ್ದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಕುಂಚ ಅಲ್ಲೇ ಇತ್ತು. ತಂಗಿಯ ಮದುವೆ, ತನ್ನ ಕೈಯ ಒಂದು ಗೆರೆಯೂ ಇಲ್ಲ ಎಂಬ ಸಂಕಟ ಅಜ್ಜಿಗೆ ತಡೆಯಲಾಗಲಿಲ್ಲ. ನಾಲ್ಕು ಉಸಿರಿನಲ್ಲಿ ಮದುಮಗ ಮದುಮಗಳು ಇಬ್ಬರನ್ನೂ ಬರೆದು ಆಚೆ ಬಂದಳು. ಊಟ ಮುಗಿಸಿ ಬಂದವಳು, ಮನೆಯವರು ಯಾರೋ ಮುಗಿಸಿದ್ದಾರೆ ಎಂದುಕೊಂಡು ಸುಮ್ಮನಾದಳು.

ಮುಂದಿನ ಭೂಮಿ ಹುಣ್ಣಿಮೆ ಬರುವ ಮೊದಲೇ ಕೆರಿಯಮ್ಮನ ಗಂಡ ಹೋದ. ಹೊಳೆಬಾಗಿಲಿನ ಹಿನ್ನೀರು ದಾಟುವಾಗ ದೋಣಿ ಮಗುಚಿತು.

"ನಾನೇ ಕೊಂದೆ," ಎಂದಳು ಅಜ್ಜಿ. ಊಟ ಆಯಿತು ಎಂದ ಹಾಗೆ ಹೇಳಿದಳು.

ಕೆರಿಯಮ್ಮಜ್ಜಿ ಯಾವಾಗ ಬಂದರೂ ಅಜ್ಜಿ ಓಡಾಡಿ ಒಳ್ಳೇ ಕುರ್ಚಿ ಹಾಕುವುದು, ಅವಳ ತಟ್ಟೆಗೆ ಮೊದಲು ಬಡಿಸುವುದು, ಅವಳು ಏನಂದರೂ ಎದುರಾಡದಿರುವುದು ಎಲ್ಲ ನೆನಪಾಯಿತು. ಅಕ್ಕತಂಗಿಯರ ಪ್ರೀತಿ ಎಂದರೆ ಹೀಗಿರಬೇಕು ಎಂದು ನಾವೆಲ್ಲ ಹೇಳುತ್ತಿದ್ದೆವು. ಇಷ್ಟು ವರ್ಷವೂ ಅದು ಹೆದರಿಕೆ.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಮಾತು ಜಾಸ್ತಿ. ಉಣುಗು ಕಚ್ಚಿ ಸತ್ತರೆ ಉಣುಗಿನ ತಪ್ಪು, ನೀರಲ್ಲಿ ಮುಳುಗಿದರೆ ನೀರಿನ ತಪ್ಪು, ಅಕ್ಕಿಹಿಟ್ಟು ಯಾರನ್ನಾದರೂ ಕೊಲ್ಲುವುದಾದರೆ ನಾವು ದಿನಾ ದೋಸೆ ತಿಂದು ಬದುಕುತ್ತಿರಲಿಲ್ಲ ಎಂದೆ. ಫ್ಲೆಕ್ಸ್ ಬೇಡ, ನನ್ನ ಹಸೆ ಗೋಡೆ ನೀನೇ ಬರೆಯಬೇಕು, ನಡುವಿನ ಮದುಮಕ್ಕಳ ಸಮೇತ ಎಂದೆ. ಅಜ್ಜಿ ಕಿವಿ ಮುಚ್ಚಿಕೊಂಡಳು. ನಾನು ಬಿಡಲಿಲ್ಲ. ದಿನಾ ಲ್ಯಾಬಿನಿಂದ ಬಂದವಳೇ ಅವಳ ಮುಂದೆ ಕೂತು ತಲೆ ತಿಂದೆ. ಅಮ್ಮ ಗೊಣಗಿದಳು. ಅಪ್ಪ ಪುಟ್ಟಪ್ಪ ಮಾತ್ರ, "ಗಂಡಿನ ಕಡೆಯವ್ರಿಗೆ ಹೇಳೋದು ಬೇಡ," ಎಂದು ಅಷ್ಟರಲ್ಲೇ ಒಪ್ಪಿಕೊಂಡ.

ಮದುವೆ ವಾರ ಬಂದಾಗ ಅಜ್ಜಿ ಒಂದು ಬೆಳಿಗ್ಗೆ ಸದ್ದಿಲ್ಲದೆ ಎದ್ದು ಪುಂಡಿ ನಾರು ಜಜ್ಜಿ ಕುಂಚ ಕಟ್ಟಿದಳು. ನಡುಮನೆಯ ಸಿಮೆಂಟು ಗೋಡೆಗೆ ಕೆಮ್ಮಣ್ಣು ಬಳಿಸಿದಳು. ಮೊದಲ ಗೆರೆ ಎಳೆಯುವಾಗ ಅವಳ ಕೈ ನಡುಗುತ್ತಿತ್ತು. ಕುಂಚ ಗೋಡೆಗೆ ತಾಗಿತು, ನಡುಕ ನಿಂತಿತು. ನನ್ನ ಕಣ್ಣು ಒದ್ದೆಯಾಯಿತು. ಊರಿಗೆಲ್ಲ ಗೆದ್ದು ತೋರಿಸಿದ ಹಾಗೆ ಬೀಗಿದೆ.

ಆದರೆ ಅಜ್ಜಿಯ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಅವಳ ಕೈಯಿಂದ ಇಳಿದು ನನ್ನ ಹೊಟ್ಟೆಗೆ ಬಂದು ಕೂತಿತ್ತು.

ಹರ್ಷವರ್ಧನ, ನನ್ನ ಮದುಮಗ, ಹೊಸನಗರ ಕಡೆ ಲೈನ್‌ಮ್ಯಾನ್. ಕರೆಂಟ್ ಕಂಬ ಹತ್ತುವುದೇ ಅವನ ಕೆಲಸ. ಅದು ನನಗೆ ಮೊದಲೇ ಗೊತ್ತಿತ್ತು, ಅಜ್ಜಿಯ ಕಥೆ ಕೇಳಿದಾಗ ನನ್ನಷ್ಟಕ್ಕೇ ತಮಾಷೆಯನ್ನೂ ಮಾಡಿಕೊಂಡಿದ್ದೆ, ನಮ್ಮನೇಲಿ ಗೆರೆ ಎಳೆಯೋರು, ಅವ್ರ ಮನೇಲಿ ಲೈನ್ ಎಳೆಯೋರು ಎಂದು. ಅಜ್ಜಿ ಬರೆಯಲು ಶುರು ಮಾಡಿದ ಮೇಲೆ ಆ ತಮಾಷೆ ಮತ್ತೆ ಬಾಯಿಗೆ ಬರಲಿಲ್ಲ. ಮಳೆಗಾಲಕ್ಕೆ ಮೊದಲಿನ ಗಾಳಿ ಎದ್ದಿತ್ತು. ದಿನಾ ಎಲ್ಲಾದರೂ ಮರ ಬಿದ್ದು ತಂತಿ ಹರಿಯುತ್ತಿತ್ತು. ಅವನ ಜೊತೆಯವನೊಬ್ಬ ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡ. ಆ ಸುದ್ದಿ ಕೇಳಿದ ದಿನ ಅಜ್ಜಿ ಬಲಗಡೆಯ ಅಂಚು ಮುಗಿಸಿದ್ದಳು. ನಾನು ಎರಡನ್ನೂ ಸೇರಿಸಿ ಯೋಚಿಸಿದೆ. ಥೂ ನಿನ್ನ ಎಂದು ನನಗೆ ನಾನೇ ಬೈದುಕೊಂಡೆ. ಬೈದರೇನು, ಮತ್ತೆ ಸೇರಿಸಿದೆ. ಗೆರೆಗಳು ನಾಲ್ಕೂ ಕಡೆಯಿಂದ ನಡುವಿನ ಕಡೆ ಬರುತ್ತಿದ್ದವು. ಮನೆಗೆ ಬಂದರೆ ಆ ಗೋಡೆಯನ್ನು ನೋಡದೆ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಯಾರಿಗೂ ಹೇಳಲಿಲ್ಲ. ಹೇಳುವುದೆಂತು? ಅಷ್ಟು ದೊಡ್ಡ ಭಾಷಣ ಬಿಗಿದವಳು ನಾನೇ. ಹರ್ಷನಿಗೆ ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡುತ್ತಿದ್ದೆ. "ಎಂತ ಮಾರಾಯ್ತಿ, ಮದ್ವೆ ಆದ್ಮೇಲೆ ಮಾತಾಡಕ್ಕೆ ಸ್ವಲ್ಪ ಉಳಿಸ್ಕೋ," ಎಂದು ಅವನು ನಗುತ್ತಿದ್ದ.

ಮದುವೆಗೆ ಇನ್ನೆರಡು ದಿನ. ಮಧ್ಯಾಹ್ನ ಗಾಳಿ ಜೋರಾಗಿತ್ತು, ಬೆಳಗಿನಿಂದ ಕರೆಂಟ್ ಇರಲಿಲ್ಲ. ಹರ್ಷನಿಗೆ ಅಂದಿನಿಂದಲೇ ರಜೆ. ಆದರೆ ಸಾಲಾಗಿ ಕಂಬ ಉರುಳಿದ್ದರಿಂದ ಅವನನ್ನು ಬಿಟ್ಟಿರಲಿಲ್ಲ. ಫೋನ್ ಮಾಡಿದೆ.

"ಮೇಲಿದೀನಿ, ಆಮೇಲೆ ಮಾಡ್ತೀನಿ ಚೈ..." ಎಂದ. ಗಾಳಿಯ ಸದ್ದು, ಏನೋ ಫಟ್ಟೆಂದಿತು, ಫೋನ್ ಸತ್ತಿತು.

ತಿರುಗಿ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್.

ಅಷ್ಟರಲ್ಲಿ ನಡುಮನೆಯಿಂದ ಅಜ್ಜಿ ಕೂಗಿದಳು. ಹೋಗಿ ನೋಡಿದರೆ ಗೋಡೆ ಪೂರ್ತಿ ಎದ್ದು ನಿಂತಿತ್ತು. ಸಾವಿರಾರು ಎಳೆ, ಒಂದಕ್ಕೊಂದು ತಾಗಿಲ್ಲ, ಒಂದೂ ಸೊಟ್ಟಗಿಲ್ಲ. ನಡುವೆ ಕೆಂಪು ಚೌಕ ಬಾಯಿ ತೆರೆದುಕೊಂಡಿತ್ತು. ಅಜ್ಜಿ ಅದರ ಮುಂದೆ ಮಣೆಯ ಮೇಲೆ ನಿಂತಿದ್ದಳು. ಎಡಗೈಯಲ್ಲಿ ಕುಂಚ, ತುದಿಯಲ್ಲಿ ಬಿಳಿ ಹನಿ ತೂಗುತ್ತಿತ್ತು. ಅವಳ ಮುಖದಲ್ಲಿ ನಾನು ಯಾವತ್ತೂ ಕಾಣದ ಬೆಳಕಿತ್ತು. ಎಳೇ ಹುಡುಗಿಯ ಮುಖ ಅದು.

"ಬರೀಲಾ ಮಗಾ?" ಎಂದಳು. "ಹೆದ್ರಿಕೆ ಹೋಯ್ತು ನಂಗೆ. ನೀ ಹೇಳಿದ್ದೇ ಸರಿ. ಮದುಮಗನಿಂದ ಶುರು ಮಾಡ್ಲಾ, ಮದುಮಗಳಿಂದ್ಲಾ?"

ನನ್ನ ಕೈಯಲ್ಲಿ ಫೋನ್ ಇತ್ತು. ಕಿವಿಯೊಳಗೆ ಆ ಫಟ್ ಎನ್ನುವ ಸದ್ದೇ ಇತ್ತು. ಕುಂಚದ ತುದಿಯ ಹನಿ ಬೀಳುವುದರೊಳಗೆ ಏನಾದರೂ ಹೇಳಬೇಕಿತ್ತು.

"ಬೇಡ," ಎಂದೆ.

ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. "ಎಂತ ಬ್ಯಾಡ?"

"ಬರೀಬೇಡ. ನಡು ಹಾಗೇ ಇರ್ಲಿ. ಮುಟ್ಟಬೇಡ ಅದನ್ನ!"

ಕಿರುಚಿದ್ದೆ. ಅಡುಗೆಮನೆಯಿಂದ ಅಮ್ಮ ಇಣುಕಿದಳು. ಅಜ್ಜಿ ನನ್ನನ್ನೇ ನೋಡುತ್ತಾ ಮಣೆಯಿಂದ ಇಳಿದಳು. ಅವಳ ಮುಖದ ಬೆಳಕು ನನ್ನ ಕಣ್ಣೆದುರೇ ಆರಿತು. "ಆಯ್ತು," ಎಂದಳು. ಕುಂಚವನ್ನು ಸೆರಗಿನಲ್ಲಿ ಒರೆಸಿದಳು. ಎಡಗೈ ಮತ್ತೆ ಸೆರಗಿನೊಳಗೆ ಹೋಯಿತು.

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹರ್ಷ ಬೇರೆ ಯಾರದ್ದೋ ಫೋನಿನಿಂದ ಮಾತಾಡಿದ. ಫೋನ್ ಕೈಯಿಂದ ಜಾರಿ ಕೆಳಗೆ ಬಿದ್ದು ಒಡೆದಿತ್ತಂತೆ. "ನಾನು ಬೀಳ್ಲಿಲ್ಲ, ಫೋನ್ ಬಿತ್ತು," ಎಂದು ನಕ್ಕ. ನಾನು ಅಳುತ್ತಾ ಅಜ್ಜಿಯ ಹತ್ತಿರ ಓಡಿದೆ. "ತಪ್ಪಾಯ್ತು ಅಜ್ಜಿ, ಈಗ ಬರಿ," ಎಂದೆ.

"ಬಣ್ಣ ಒಣಗ್ತು ಮಗಾ," ಎಂದಳು ಅಜ್ಜಿ. ಅಷ್ಟೇ ಹೇಳಿ ಮಗ್ಗುಲಾದಳು.

ಮದುವೆ ದಿನ ಧಾರೆ ಮುಗಿಸಿ ನಮ್ಮಿಬ್ಬರನ್ನೂ ಹಸೆಗೆ ಕರೆತಂದು ಕೂರಿಸಿದರು. ಬೆನ್ನ ಹಿಂದೆ ಆ ಖಾಲಿ ಚೌಕ. ಅದರಿಂದ ಗಾಳಿ ಬೀಸುತ್ತಿದೆಯೇನೋ ಎನ್ನುವ ಹಾಗೆ ನನ್ನ ಕುತ್ತಿಗೆ ತಣ್ಣಗಾಗುತ್ತಿತ್ತು. ನನ್ನ ಸೆರಗಿಗೂ ಹರ್ಷನ ಶಲ್ಯಕ್ಕೂ ಹಾಕಿದ್ದ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಎದುರಿಗೆ ಒಳ್ಳೇ ಕುರ್ಚಿಯಲ್ಲಿ ಕೆರಿಯಮ್ಮಜ್ಜಿ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದಳು. ನಮ್ಮಜ್ಜಿ ಬಾಗಿಲ ಸಂದಿಯಲ್ಲಿ, ಯಾರಿಗೂ ಅಡ್ಡವಾಗದ ಹಾಗೆ ನಿಂತಿದ್ದಳು.

ಮೇಘನಾ ಬಂದಿದ್ದರು. ಗೋಡೆಯ ತೀರಾ ಹತ್ತಿರ ಹೋಗಿ ಒಂದೊಂದೇ ಎಳೆ ನೋಡಿದರು. ಕ್ಯಾಮೆರಾ ಹಿಡಿದು ಎಷ್ಟೋ ಫೋಟೋ ತೆಗೆದರು. ಆಮೇಲೆ ಅಜ್ಜಿಯ ಹತ್ತಿರ ಹೋಗಿ, ಖುಷಿ ತಡೆಯಲಾಗದೆ ಸ್ವಲ್ಪ ಜೋರಾಗಿಯೇ ಕೇಳಿಬಿಟ್ಟರು. "ಅಜ್ಜಿ, ಇದು ನೀವೇ ಬರ್ದಿದ್ದು, ಇನ್ನು ಇಲ್ಲ ಅನ್ನಬೇಡಿ. ಇಲ್ಲೂ ನಡು ಖಾಲಿ ಬಿಟ್ಟಿದ್ದೀರಲ್ಲ, ಯಾಕೆ?"

ನನ್ನತ್ತೆ, ಹರ್ಷನ ತಾಯಿ, ಗೋಡೆಯ ಕಡೆ ನೋಡಿ ಅಜ್ಜಿಯ ಬೋಳು ಹಣೆಯ ಕಡೆ ನೋಡಿದರು. ಮುಚ್ಚಿಟ್ಟಿದ್ದು ಬಯಲಾಗಿತ್ತು.

ಅಜ್ಜಿ ಒಮ್ಮೆ ನನ್ನ ಕಡೆ ನೋಡಿದಳು. "ಹಿಂಗೇ," ಎಂದಳು. "ಚೆಂದ ಕಾಣ್ಲಿ ಅಂತ."

ನನಗಾಗಿ ಸುಳ್ಳು ಹೇಳಿದಳು. ಮೇಘನಾ ಅದನ್ನು ಪುಸ್ತಕದಲ್ಲಿ ಬರೆಯುತ್ತಾರೆ, ಚಿತ್ರದ ಕೆಳಗೆ ಗುತ್ಯಮ್ಮ ಎಂದು ಹಾಕುತ್ತಾರೆ, ಜನ ಮತ್ತೆ ಧೈರ್ಯ ಎನ್ನುತ್ತಾರೆ. ಅಂದು ಅಜ್ಜಿಯ ಹೆದರಿಕೆಗೆ ನಾರಾಯಣಮೂರ್ತಿಯ ಹೆಸರು, ಇಂದು ನನ್ನ ಹೆದರಿಕೆಗೆ ಅಜ್ಜಿಯ ಹೆಸರು. ನಾಚಿಕೆಯಿಂದ ತಲೆ ತಗ್ಗಿಸಿದೆ.

"ಎಂತ ಚೆಂದ?" ಎಂದಳು ಕೆರಿಯಮ್ಮಜ್ಜಿ. ಬಾಯಿಯ ಎಲೆಯನ್ನು ಒಂದು ದವಡೆಗೆ ಸರಿಸಿಕೊಂಡಳು. "ನನ್ನ ಮದ್ವೇಲಿ ನೀ ಬರ್ದಿದ್ದೆ. ಈ ಹೆಣ್ಣಿಗೆ ಎಂತಕ್ಕೆ ಬರೀಲಿಲ್ಲ?"

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಿಂಗೆ ಗೊತ್ತಿತ್ತಾ ಕೆರೀ?"

"ನಿನ್ನ ಎಡಗೈ ಗೆರೆ ನಂಗೆ ತಿಳಿಯಲ್ವಾ? ಹಸೆಗೆ ಕೂರುವಾಗ್ಲೇ ನೋಡ್ದೆ. ಅವ್ರಿಗೂ ತೋರಿಸ್ದೆ, ನಮ್ಮಕ್ಕ ಬರ್ದಿದ್ದು ಅಂತ."

"ಅವ್ರು... ಎಂತ ಅಂದ್ರು?"

"ಚೆಂದ ಬರ್ದಿದಾರೆ ಅಂದ್ರು."

ಅಜ್ಜಿಯ ತುಟಿ ಅಲುಗಿತು. "ಮತ್ತೆ ಅವ್ರು ಹೋದಾಗ... ನೀ ಎಂತಕ್ಕೆ ನನ್ನ ಏನೂ ಅನ್ನಲಿಲ್ಲ?"

"ನಿನ್ನ ಎಂತ ಅನ್ನೋದು? ಗಾಳಿ ಅದೆ, ದೋಣಿ ಹತ್ಬ್ಯಾಡಿ ಅಂದೆ. ಕೇಳ್ಲಿಲ್ಲ," ಎಂದಳು ಕೆರಿಯಮ್ಮಜ್ಜಿ. ಇಷ್ಟು ವರ್ಷದ ಮೇಲೂ ಗಂಡನ ಮೇಲಿನ ಸಿಟ್ಟು ಅವಳ ದನಿಯಲ್ಲಿ ಹಸಿಯಾಗಿತ್ತು.

ಅಜ್ಜಿ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ಮದುವೆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಅಳಬಾರದು. ಯಾರೂ ತಡೆಯಲಿಲ್ಲ. ನನಗೆ ಕೂರಲಾಗಲಿಲ್ಲ.

"ಅಜ್ಜಿ ಬರೀತೀನಿ ಅಂದಿದ್ಲು," ಎಂದೆ. ಎಲ್ಲರಿಗೂ ಕೇಳುವ ಹಾಗೆ ಎಂದೆ. "ಕುಂಚ ಹಿಡಿದು ನಿಂತಿದ್ಲು. ನಾನೇ ಬೇಡ ಅಂದೆ. ಹೆದರಿಕೆ ಆಯ್ತು."

ಹರ್ಷ ನನ್ನ ಕಡೆ ತಿರುಗಿದ. "ಎಂತಾ ಹೆದರಿಕೆ?"

"ನೀವು ಕಂಬ ಹತ್ತೋದು."

ಅವನು ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. "ಅದು ನಂಗೂ ಆಗತ್ತೆ," ಎಂದ ಸಣ್ಣಗೆ. "ದಿನಾ ಆಗತ್ತೆ." ಎದ್ದು ನಿಂತ. ಗಂಟು ಎಳೆದದ್ದರಿಂದ ನಾನೂ ಎದ್ದೆ. ಹಸೆಯನ್ನು ಪಕ್ಕಕ್ಕೆ ಸರಿಸಿ, "ಬರೀರಿ ಅಜ್ಜಿ," ಎಂದ. ಅತ್ತೆ ಬಾಯಿ ತೆರೆದರು, ಮಗನ ಮುಖ ನೋಡಿ ಮುಚ್ಚಿಕೊಂಡರು. ಅವರ ಕೈ ಅವರ ತಾಳಿಯ ಮೇಲಿತ್ತು.

"ಬಣ್ಣ ಇಲ್ಲ," ಎಂದಳು ಅಜ್ಜಿ.

"ಮದ್ವೆ ಮನೇಲಿ ಅಕ್ಕಿಹಿಟ್ಟಿಗೆ ಬರವಾ?" ಎಂದಳು ಕೆರಿಯಮ್ಮಜ್ಜಿ. ಅಮ್ಮ ಅಡುಗೆಮನೆಯಿಂದ ಕಡುಬಿಗೆ ರುಬ್ಬಿದ್ದ ಹಿಟ್ಟನ್ನು ಬಟ್ಟಲಲ್ಲಿ ತಂದಳು. ಕುಂಚ ಎಲ್ಲಿ ಎಂದು ನಾವೆಲ್ಲ ಹುಡುಕುತ್ತಿರುವಾಗ ಅಜ್ಜಿ ಸೊಂಟದ ಎಲೆ ಅಡಿಕೆ ಸಂಚಿ ಬಿಚ್ಚಿದಳು. ಕುಂಚ ಅದರಲ್ಲಿತ್ತು. ಎರಡು ದಿನವೂ ಅವಳು ಅದನ್ನು ಸೊಂಟದಲ್ಲೇ ಇಟ್ಟುಕೊಂಡು ಓಡಾಡಿದ್ದಳು.

ಮೇಘನಾ ಕ್ಯಾಮೆರಾ ಕೆಳಗಿಳಿಸಿ ನಿಂತಿದ್ದರು. ಅಜ್ಜಿ ಮಣೆ ಹತ್ತುತ್ತಾ ಅವರಿಗೆ ಹೇಳಿದಳು. "ತೆಗೀರಿ ತಂಗಿ. ಆ ಕಾಗದ ಬರ್ದಿದ್ದೂ ನಾನೇ. ಹೆಸ್ರು ಹಾಕಿ. ಆದ್ರೆ ನಡು ಬಿಟ್ಟಿದ್ದು ಚೆಂದಕ್ಕಲ್ಲ, ಹೆದ್ರಿಕೆಗೆ. ಅದನ್ನೂ ಬರ್ಕಳಿ."

ಎಲ್ಲರೂ ನೋಡುತ್ತಿದ್ದಂತೆ ಅವಳ ಎಡಗೈ ಮೇಲೆದ್ದಿತು. ಬಲದಿಂದ ಎಡಕ್ಕೆ ಬಿಳಿ ಎಳೆ ಹರಿಯಿತು. ಮೊದಲು ಮದುಮಗಳು ಬಂದಳು. ಜಡೆ, ಸೊಂಟ, ಎರಡು ಪುಟ್ಟ ಪಾದ.

ಹೊರಗೆ ಗಾಳಿ ಎದ್ದಿತು. ಚಪ್ಪರದ ಗರಿಗಳು ಸರಪರ ಎಂದವು. ದೀಪ ಒಮ್ಮೆ ಕಣ್ಣು ಮಿಟುಕಿಸಿ ಆರಿತು. ಹರ್ಷ ಅಭ್ಯಾಸದಂತೆ ಕಿಟಕಿಯಾಚೆಯ ಕಂಬದ ಕಡೆ ನೋಡಿದ. ನಾನು ಗಂಟನ್ನು ಬಿಗಿಯಾಗಿ ಹಿಡಿದುಕೊಂಡೆ.

ಅಜ್ಜಿ ಕುಂಚವನ್ನು ಹಿಟ್ಟಿನಲ್ಲಿ ಅದ್ದಿ, ಖಾಲಿ ಉಳಿದಿದ್ದ ಅರ್ಧ ಚೌಕದ ಮುಂದೆ ನಿಲ್ಲಿಸಿ, ನನ್ನ ಕಡೆ ತಿರುಗಿದಳು.

"ಮದುಮಗನ್ನ ಬರೀಲಾ?"

ಗಾಳಿಗೆ ತೂಗುತ್ತಿದ್ದ ತಂತಿಯನ್ನು ನೋಡಿದೆ, ಹರ್ಷನನ್ನು ನೋಡಿದೆ.

"ಬರಿ," ಎಂದೆ.